ಹತ್ತು ಸೂತ್ರಗಳ ಫಾರ್ವರ್ಡ್

ಅಣ್ಣ: (ಫಾರ್ವರ್ಡ್) ತಾಯಂದಿರೇ, ಸುಸ್ತಾಗದಿರಲು ಹತ್ತು ಸೂತ್ರಗಳು! ಮಕ್ಕಳಿಗಿಂತ ಒಂದು ಗಂಟೆ ಮೊದಲು ಏಳಿ. ಧ್ಯಾನ ಮಾಡಿ. ದಿನಚರಿ ಬರೆಯಿರಿ. ಸದಾ ನಗುತ್ತಿರಿ...

ಅಣ್ಣ: ಚೆನ್ನಾಗಿದೆ ಅಲ್ವಾ? ನಮ್ಮನೆಯಲ್ಲೂ ಒಬ್ಬರಿಗೆ ಬೇಕಾಗಿತ್ತು.

ನಾನು: ಅಣ್ಣಾ, ಹತ್ತನ್ನೂ ಓದಿದೆ. ಎಲ್ಲವೂ ತಾಯಿಯೇ ಮಾಡಬೇಕಾದದ್ದು. ಇರುವ ಕೆಲಸಕ್ಕೆ ಇನ್ನೂ ಹತ್ತು ಸೇರಿತು, ಕಡಿಮೆಯಾಗುವಂಥದ್ದು ಒಂದೂ ಇಲ್ಲ. ಚಿಕ್ಕವನಿಗೆ ಜ್ವರ ಅಂತ ರಾತ್ರಿಯೆಲ್ಲ ಎದ್ದು ಕೂತವರಿಗೆ ಇನ್ನೂ ಬೇಗ ಏಳಿ ಅನ್ನೋದು ಹೇಗೆ?

ದೊಡ್ಡಮ್ಮ: ನಮಗೆ ಇದ್ಯಾವುದೂ ಗೊತ್ತಿರಲಿಲ್ಲ ಕಣೆ. ನಾಲ್ಕು ಮಕ್ಕಳನ್ನು ಸಾಕಿದೆ. ಸುಸ್ತು ಅಂತ ಕೂತರೆ ನಡೆಯುತ್ತಿತ್ತಾ?

ಚಿಕ್ಕಪ್ಪ: ಈ ಬರ್ನ್‌ಔಟ್, ಅಂದರೆ ಒತ್ತಡದಿಂದ ಪೂರ್ತಿ ಬಳಲಿ ಹೋಗೋದು, ಆಫೀಸಿನವರದ್ದು. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ: ಅದು ಕಾಯಿಲೆ ಅಲ್ಲ, ಉದ್ಯೋಗಕ್ಕೆ ಸಂಬಂಧಪಟ್ಟ ವಿಚಾರ. ಸ್ವಂತ ಮಕ್ಕಳನ್ನು ನೋಡಿಕೊಳ್ಳೋದು ಉದ್ಯೋಗವಾ?

ನಾನು: ಸಂಸ್ಥೆ ಹಾಗೆ ಹೇಳಿರುವುದು ನಿಜ ಚಿಕ್ಕಪ್ಪ. ಆದರೆ ಆಫೀಸಿಗೆ ರಜೆ ಇದೆ, ಸಂಜೆ ಬಾಗಿಲು ಹಾಕುತ್ತಾರೆ. ಬೆಲ್ಜಿಯಂನಲ್ಲಿ ಇಸಾಬೆಲ್ ರೋಸ್ಕಾಮ್, ಮೊಯ್ರಾ ಮಿಕೊಲಾಜ್‌ಚಾಕ್ ಅಂತ ಇಬ್ಬರು ಮನಃಶಾಸ್ತ್ರಜ್ಞರು ಅಪ್ಪ-ಅಮ್ಮಂದಿರ ಬಳಲಿಕೆಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮೊದಲು ವಿಪರೀತ ದಣಿವು. ಆಮೇಲೆ ಮಕ್ಕಳಿಂದ ಮನಸ್ಸು ದೂರ ಸರಿಯುತ್ತದೆ, ಊಟ-ಬಟ್ಟೆ-ಹೋಂವರ್ಕ್ ಯಂತ್ರದ ಹಾಗೆ ನಡೆಯುತ್ತದೆ, ಖುಷಿ ಇರುವುದಿಲ್ಲ. ‘ನಾನು ಮೊದಲು ಹೀಗಿರಲಿಲ್ಲ’ ಅನ್ನೋ ಸಂಕಟ ಬೇರೆ. ಹೊರೆ ಹೆಚ್ಚಿದ್ದು, ಅದಕ್ಕೆ ತಕ್ಕ ಆಸರೆ ಕಡಿಮೆಯಾದಾಗ ಹೀಗಾಗುತ್ತದೆ ಅನ್ನೋದು ಅವರ ವಿವರಣೆ. ಪ್ರೀತಿ ಕಮ್ಮಿ ಅಂತಲ್ಲ.

ಅಣ್ಣ: ನಾನೂ ಸಹಾಯ ಮಾಡ್ತೀನಲ್ಲ! ಏನು ಮಾಡಬೇಕು ಹೇಳು ಅಂತ ದಿನಾ ಕೇಳ್ತೀನಿ. ಹೇಳಿದ್ದನ್ನೆಲ್ಲ ಮಾಡ್ತೀನಿ.

ನಾನು: ಮಾಡ್ತೀಯ, ಒಪ್ಪುತ್ತೇನೆ. ಆದರೆ ಏನು ಮಾಡಬೇಕು ಅಂತ ನೆನಪಿಟ್ಟುಕೊಂಡು ನಿನಗೆ ಹೇಳುವುದೂ ಒಂದು ಕೆಲಸ ಅಲ್ವಾ? ಶೂ ಬಿಗಿಯಾಗಿದೆ, ಲಸಿಕೆಯ ಗಡುವು ಬಂದಿದೆ, ಉಗುರು ಬೆಳೆದಿದೆ, ನಾಳೆ ಶಾಲೆಗೆ ಬಣ್ಣದ ಕಾಗದ ಬೇಕು, ಸಿರಪ್ ಮುಗಿಯುತ್ತಾ ಬಂದಿದೆ. ಇಷ್ಟೂ ಒಬ್ಬರ ತಲೆಯಲ್ಲೇ ಓಡುತ್ತಿರುತ್ತದೆ. ಸ್ನಾನಕ್ಕೆ ಹೋದರೂ ಬಾಗಿಲು ಬಡಿದು ‘ಟವೆಲ್ ಎಲ್ಲಿ’ ಅಂತ ಕೇಳ್ತಾರೆ. ಕೈ ಬಿಡುವಾದರೂ ತಲೆ ಬಿಡುವಾಗಲ್ಲ.

ದೊಡ್ಡಮ್ಮ: ಟವೆಲ್ ಮಾತು ಮಾತ್ರ ನಿಜ.

ದೊಡ್ಡಮ್ಮ: ಮನೆ ತುಂಬ ಜನ ಇದ್ದರು ನಮಗೆ. ಮಗು ಅತ್ತರೆ ಯಾರೋ ಎತ್ತಿಕೊಳ್ಳುತ್ತಿದ್ದರು. ಎರಡನೆಯವಳು ಹುಟ್ಟಿದಾಗ ಮಾತ್ರ ತಿಂಗಳುಗಟ್ಟಲೆ ಅಳುತ್ತಿದ್ದೆ. ದೃಷ್ಟಿ ತಗುಲಿದೆ ಅಂದರು.

ನಾನು: ದೊಡ್ಡಮ್ಮ, ಇದನ್ನು ನೀವು ಯಾವತ್ತೂ ಹೇಳಿರಲಿಲ್ಲ. ಹೆರಿಗೆಯಾದ ಹೊಸತರಲ್ಲಿ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ನಿಲ್ಲದಿದ್ದರೆ ಅದು ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಬೇಕು. ನಿಮ್ಮನ್ನು ಆಗ ಯಾರಾದರೂ ಕರೆದುಕೊಂಡು ಹೋಗಬೇಕಿತ್ತು.

ಚಿಕ್ಕಪ್ಪ: ಸರಿ ಕಣಮ್ಮ, ಹಾಗಾದರೆ ಪರಿಹಾರ ಏನು? ಇಡೀ ಮನೆ ಅವನೊಬ್ಬನೇ ನೋಡಿಕೊಳ್ಳೋಕ್ಕಾಗುತ್ತಾ?

ನಾನು: ಬೇಡ. ಕೆಲವನ್ನು ಪೂರ್ತಿ ವಹಿಸಿಕೊಳ್ಳಲಿ. ಡಾಕ್ಟರ್ ವಿಚಾರ ಅಣ್ಣನದ್ದು ಅಂದರೆ, ತಾರೀಖು ನೆನಪಿಡುವುದು, ಫೋನ್ ಮಾಡುವುದು, ರಜೆ ಹಾಕುವುದು, ರಾತ್ರಿ ಔಷಧಿಗೆ ಏಳುವುದು ಎಲ್ಲ ಅವನದ್ದೇ. ಅತ್ತಿಗೆ ಅದರ ಯೋಚನೆಯನ್ನೇ ಮಾಡಬಾರದು. ಅವನು ಮಾಡಿದ ರೀತಿ ಬೇರೆಯಾದರೂ ಅವರೂ ಸುಮ್ನಿರಬೇಕು, ಇದು ಕಷ್ಟವೇ. ಕೆಲವು ಕೆಲಸ ಬಿಟ್ಟೇಬಿಡಲಿ. ಬಟ್ಟೆ ಮಡಚದೆ ಬುಟ್ಟಿಯಲ್ಲೇ ಇದ್ದರೆ ಯಾರಿಗೇನು ತೊಂದರೆ? ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲೇ ಬರೆದಿದ್ದರು, ಮಗುವಿಗೆ ಪರಿಪೂರ್ಣ ತಾಯಿ ಬೇಕಿಲ್ಲ, ತಕ್ಕಮಟ್ಟಿಗೆ ಒಳ್ಳೆಯ ತಾಯಿ ಸಾಕು ಅಂತ.

ಅಣ್ಣ: ಅವಳು ಒಂದು ದಿನವೂ ಹೀಗೆ ಹೇಳಿಲ್ಲವಲ್ಲ.

ಅತ್ತಿಗೆ: ಹೇಳಿದ್ದೆ ರೀ. ನೀವು ‘ಸ್ವಲ್ಪ ಮಲಗು, ಸರಿ ಹೋಗುತ್ತೆ’ ಅಂದಿರಿ. ನಿದ್ದೆ ಮಾಡಿ ಎದ್ದರೂ ಸುಸ್ತೇ.

ಅಣ್ಣ: ಇವತ್ತಿಂದ ಡಾಕ್ಟರ್ ವಿಚಾರ ನನ್ನದು. ಇನ್ನೇನು ತಗೊಳ್ಳಲಿ?

ಅತ್ತಿಗೆ: ಶಾಲೆಯ ಗುಂಪಿನಿಂದ ನನ್ನ ನಂಬರ್ ತೆಗೆಸಿ ನಿಮ್ಮದು ಹಾಕಿಸಿ. ಲಸಿಕೆ ಕಾರ್ಡ್ ಎಲ್ಲಿದೆ ಅಂತ ನಾನು ಹೇಳಲ್ಲ, ನೀವೇ ಹುಡುಕಿ.