ತಮ್ಮ ಚೆನ್ನಾಗಿ ಓಡ್ತಾನೆ, ಕಾಲೇಜು ಬಿಡಿಸಲಾ?

ಸವಣೂರು ಕಡೆಯ ಅಕ್ಕ ಕೇಳಿದ್ದು:
ತಮ್ಮನಿಗೆ 17, ಪಿಯುಸಿ ಮೊದಲ ವರ್ಷ. ಹಾವೇರಿಯಲ್ಲಿ 5000 ಮೀಟರನ್ನು 16 ನಿಮಿಷ 20 ಸೆಕೆಂಡಿಗೆ ಮುಗಿಸಿದ. ಪರಿಚಯದವರೊಬ್ಬರು ‘ಕಾಲೇಜು ಬಿಡಿಸಿ ಬೆಂಗಳೂರಿಗೆ ಕಳಿಸಿ, ಎರಡೇ ವರ್ಷಕ್ಕೆ ನ್ಯಾಷನಲ್ ಮೆಡಲ್’ ಅಂತಿದ್ದಾರೆ. ಅಪ್ಪ ಎರಡೆಕರೆ ಗೋವಿನಜೋಳ ಬೆಳೆಯುವವರು. ಓಟ ನಂಬಿಕೊಂಡರೆ ಹೊಟ್ಟೆ ತುಂಬುತ್ತಾ? ಓಡಿದವರು ಹೇಳಿ.

ಧಾರವಾಡದಿಂದ:
ಅಕ್ಕಾ, ಕಾಲೇಜು ಮಾತ್ರ ಬಿಡಿಸಬೇಡಿ. ಓದಲಿ ಅಂತಲ್ಲ, ಓಡಲಿ ಅಂತಲೇ ಹೇಳುತ್ತಿದ್ದೇನೆ. ಡಿಗ್ರಿಗೆ ಸೇರಿದರೆ ವಿಶ್ವವಿದ್ಯಾಲಯದ ಟೀಮಿನಲ್ಲಿ ಅಖಿಲ ಭಾರತ ಅಂತರ ವಿವಿ ಕೂಟಕ್ಕೆ ಹೋಗಬಹುದು. ಹೊಲ, ಗುಡ್ಡದ ಮೇಲೆ ಓಡುವ ಕ್ರಾಸ್ ಕಂಟ್ರಿಯೂ ಇರುತ್ತದೆ. ರೈಲ್ವೆ ಸ್ಪೋರ್ಟ್ಸ್ ಕೋಟಾಕ್ಕೆ ಅರ್ಜಿ ಹಾಕುವಾಗ ಕೆಲಸಕ್ಕೆ ಬರೋದು ಅಂಥ ಸರ್ಟಿಫಿಕೇಟೇ. ಜಿಲ್ಲಾ ಮಟ್ಟದಲ್ಲಿ ಗೆದ್ದ ಕಪ್ ಮನೆಯ ಕಪಾಟಿಗಷ್ಟೇ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ನಾನೂ ಆ ಕೋಟಾದಲ್ಲೇ ನೌಕರಿ ಹಿಡಿದವನು.

ಇನ್ನು ಆ ಎರಡು ವರ್ಷದ ಲೆಕ್ಕ. 5000 ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು. ನಿಮ್ಮ ತಮ್ಮ ಸುತ್ತಿಗೆ 78 ಸೆಕೆಂಡಿನಂತೆ ಓಡಿದ್ದಾನೆ. ಈ ವಯಸ್ಸಿಗೆ ಚೆನ್ನಾಗಿದೆ. ಭಾರತದ ದೂರದ ಓಟಗಾರ ಗುಲ್ವೀರ್ ಸಿಂಗ್ 2025ರಲ್ಲಿ 10,000 ಮೀಟರನ್ನು 27 ನಿಮಿಷ 0.22 ಸೆಕೆಂಡಿಗೆ ಓಡಿದರು. ಸುತ್ತಿಗೆ 65ರ ಒಳಗೆ, ಅಂಥವು 25! ನಡುವಿನ ಹದಿಮೂರು ಸೆಕೆಂಡ್ ಎರಡು ವರ್ಷದಲ್ಲಿ ಕರಗಲ್ಲ, ಕರಗಿಸುತ್ತೇನೆ ಅನ್ನುವವರನ್ನು ನಂಬಬೇಡಿ. ಅವಸರವೂ ಇಲ್ಲ. ಅಡ್ಡಗಟ್ಟೆ, ನೀರು ಹಾರಿ ಓಡುವ ಸ್ಟೀಪಲ್‌ಚೇಸ್‌ನ ಅವಿನಾಶ್ ಸಾಬ್ಳೆ ಹನ್ನೆರಡನೇ ತರಗತಿ ಮುಗಿಸಿ, ಸೇನೆ ಸೇರಿ, ಸಿಯಾಚಿನ್‌ನಲ್ಲಿ ಇದ್ದು ಬಂದ ಮೇಲೆ ಓಟಕ್ಕಿಳಿದವರು.

ಅವಸರ ಮಾಡಿ ಕೆಟ್ಟವನು ನಾನು. ಹದಿನೆಂಟಕ್ಕೆ ಒಬ್ಬ ಕೋಚ್ ಸಿಕ್ಕಿದ್ದರು, ಹೆಸರು ಬೇಡ. ವಾರಕ್ಕೆ ನಾಲ್ಕು ದಿನ ಟ್ರ್ಯಾಕ್ ಮೇಲೆ ಜೋರು ಓಟ, ತಿಂಗಳಿಗೊಂದು ಕೂಟ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಒಂದೇ ಜಾಗ ನೋಯೋಕೆ ಶುರುವಾಯಿತು. ಹಳೇ ನಾಲ್ಕಾಣೆಯಷ್ಟು ಅಗಲ, ಬೆರಳಿಟ್ಟು ತೋರಿಸಬಹುದು. ಮೊದಮೊದಲು ಮೈ ಬಿಸಿಯಾದರೆ ಮಾಯ. ಆಮೇಲೆ ಬಿಸಿಯಾದರೂ ಹೋಗಲಿಲ್ಲ. ಕೊನೆಗೆ ರಾತ್ರಿ ಚಾದರ ತಾಗಿದರೂ ಎಚ್ಚರ. ಎಲುಬಿನಲ್ಲಿ ಸಣ್ಣ ಬಿರುಕು ಬಿದ್ದಿತ್ತು. ಒಂದು ಸೀಸನ್ ಪೂರ್ತಿ ಆರ್.ಎನ್. ಶೆಟ್ಟಿ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು ಬೇರೆಯವರ ಸುತ್ತು ಎಣಿಸಿದೆ. ಈಗ ಹುಡುಗರಿಗೆ ಒಂದೇ ಮಾತು ಹೇಳುತ್ತೇನೆ, ಮುಕ್ಕಾಲು ಪಾಲು ಓಟ ಪಕ್ಕದವನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ. ನಗುತ್ತಾರೆ. ನಗಲಿ ಬಿಡಿ.

ಗದಗದಿಂದ:
ತಮ್ಮನ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ನಾನು 3000 ಓಡುತ್ತಿದ್ದೆ. ಕೊನೆಯ ಎರಡು ಸುತ್ತು ಬಂತೆಂದರೆ ಮಳೆಗಾಲದ ಎರೆ ಹೊಲದಲ್ಲಿ ಕಾಲು ಹೂತ ಹಾಗೆ. ‘ಮೈಗಳ್ಳಿ’ ಅಂತ ಬೈಸಿಕೊಂಡೆ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9! ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ ಎಲ್ಲಾ ತಿನ್ನುತ್ತಿದ್ದೆ. ಆದರೆ ಕೈ ತೊಳೆದ ಕೂಡಲೇ ಚಹಾ ಬೇಕಿತ್ತು. ಊಟದ ಬೆನ್ನಿಗೇ ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತಲ್ಲ ಅಂತ ಡಾಕ್ಟರ್ ಹೇಳಿದರು. ಗುಳಿಗೆ ತಗೊಂಡೆ, ಚಹಾ ಎರಡು ತಾಸು ಮುಂದೆ ಹಾಕಿದೆ. ಮೂರು ತಿಂಗಳಿಗೆ ಅದೇ ಕಾಲು, ಬೇರೆ ಓಟ. ಅಂದಹಾಗೆ, ಪರೀಕ್ಷೆ ಮಾಡಿಸದೆ ಸುಮ್ನೆ ಗುಳಿಗೆ ಕೊಡಬೇಡಿ.

ಹಾನಗಲ್‌ನ ಮಾಜಿ ಸೈನಿಕರು:
ತಂಗಿ, ಇಂಥ ಟೈಮಿಂಗ್ ಇದ್ದರೆ ಅಗ್ನಿವೀರ್ ರ‍್ಯಾಲಿಯ 1.6 ಕಿ.ಮೀ. ಅವನಿಗೆ ಆಟ. ಪಲ್ಟನ್ನಿನಲ್ಲಿ ಚೆನ್ನಾಗಿ ಓಡಿದರೆ ಟೀಮಿಗೆ ತಗೋತಾರೆ, ಊಟ, ಬೂಟಿನ ಚಿಂತೆ ಇಲ್ಲ. ಆದರೆ ನೌಕರಿ ನಾಲ್ಕು ವರ್ಷದ್ದು. ಆಮೇಲೆ ಕಾಯಂ ಆಗೋದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿ. ಅಪ್ಪನಿಗೂ ಇದನ್ನು ಹೇಳಿಯೇ ಕಳಿಸಿ.

ಸವಣೂರು ಕಡೆಯ ಅಕ್ಕ:
ಎಲ್ಲರಿಗೂ ಶರಣು. ಕಾಲೇಜು ಬಿಡಿಸಲ್ಲ ಅಂತ ಅಪ್ಪನೂ ಒಪ್ಪಿದರು. ಧಾರವಾಡದ ಅಣ್ಣ ಬರೆದಿದ್ದು ಓದಿ ತಮ್ಮನಿಗೆ ‘ಕಾಲು ನೋವೇನಾದ್ರೂ ಐತೇನೋ’ ಅಂತ ಕೇಳಿದೆ. ‘ಸ್ವಲ್ಪ ಐತಿ’ ಅಂದ. ಎಲ್ಲಿ ಅಂದೆ. ಬೆರಳಿಟ್ಟು ತೋರಿಸಿದ. ನಾಳೆ ಮುಂಜಾನೆಯ ಬಸ್ಸಿಗೆ ಹುಬ್ಬಳ್ಳಿಗೆ ಕರಕೊಂಡು ಹೋಗುತ್ತಿದ್ದೇನೆ. ಎಕ್ಸ್‌ರೇ ಆದಮೇಲೆ ಬರೆಯುತ್ತೇನೆ.