ಅಪ್‌ಡೇಟ್: ನುವರ ಎಲಿಯದಲ್ಲಿ ಚೆಂಡು ಗ್ರೀನ್ ದಾಟುವ ತೊಂದರೆ ಸರಿಹೋಯ್ತು

ಶ್ರೀಲಂಕಾದ ನುವರ ಎಲಿಯ ಗಾಲ್ಫ್ ಮೈದಾನದಲ್ಲಿ ನನ್ನ ಚೆಂಡು ಪ್ರತಿ ಸಲ ಗ್ರೀನ್ (ಗುಳಿ ಇರುವ, ಹುಲ್ಲು ಸಣ್ಣಗೆ ಕತ್ತರಿಸಿದ ಜಾಗ) ದಾಟಿ ಹೋಗುತ್ತಿದೆ ಅಂತ ಹೋದ ವಾರ ಕೇಳಿದ್ದೆ. ಏಳನೇ ನಂಬರ್ ಐರನ್ (ಗಾಲ್ಫ್ ಕೋಲು) ಬಿಟ್ಟು, ಚೆಂಡನ್ನು ಕಡಿಮೆ ದೂರ ಕಳಿಸುವ ಎಂಟನೇ ನಂಬರ್ ಹಿಡಿಯಿರಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಕೆಲಸ ಮಾಡಿತು! ಊರು ಇರುವುದು ಸುಮಾರು 1,868 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳು ಗಾಳಿ ಚೆಂಡನ್ನು ಅಷ್ಟಾಗಿ ತಡೆಯುವುದಿಲ್ಲ.

ಮೆಲ್ಲಗೆ ಹೊಡೆಯಿರಿ ಅನ್ನೋ ಸಲಹೆ ಮಾತ್ರ ನನಗೆ ಆಗಿಬರಲಿಲ್ಲ. ಚೆಂಡು ಸೀದಾ ಮರಗಳ ಬುಡಕ್ಕೆ ಹೋಯಿತು.

ಇನ್ನೊಂದು ವಿಷಯ ಅಲ್ಲೇ ಗೊತ್ತಾಯ್ತು. ಬೆಳಿಗ್ಗೆ ಹುಲ್ಲೆಲ್ಲ ಇಬ್ಬನಿ, ಬೆರಳು ಮರಗಟ್ಟುವ ಚಳಿ. ತಣ್ಣಗಿನ ಚೆಂಡು ಜಾಸ್ತಿ ದೂರ ಹೋಗಲ್ಲ. ಕ್ಯಾಡಿ (ಆಟಗಾರರ ಕೋಲುಗಳ ಚೀಲ ಹೊರುವ ಸಹಾಯಕ) ಹೇಳಿದಂತೆ ಚೆಂಡನ್ನು ಜೇಬಲ್ಲಿ ಬೆಚ್ಚಗಿಟ್ಟುಕೊಂಡೆ. ಸ್ವೆಟರ್ ಮರೆಯಬೇಡಿ.