1607ರಿಂದ 1783: ವರ್ಜೀನಿಯಾದ ಮೇಲೊಂದು ಥೀಮ್ ಪಾರ್ಕ್. ಬಂದವರನ್ನು ಯಾರ ಜಾಗದಲ್ಲಿ ನಿಲ್ಲಿಸಬೇಕು?

ನಕ್ಷೆಗಾರ್ತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಬಿ.ಆರ್ಕ್ ಮುಗಿಸಿ ಈಗ ಅಮೆರಿಕದಲ್ಲಿ ಥೀಮ್ ಪಾರ್ಕ್ ವಿನ್ಯಾಸ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಮೆರಿಕದ ಆರಂಭಕಾಲವನ್ನು ಆರಿಸಿಕೊಂಡಿದ್ದೇನೆ. 1607ರಲ್ಲಿ ಇಂಗ್ಲಿಷರು ಜೇಮ್ಸ್‌ಟೌನಿನಲ್ಲಿ ಬಂದಿಳಿದಲ್ಲಿಂದ ಅಮೆರಿಕದ ಸ್ವಾತಂತ್ರ್ಯಯುದ್ಧ ಮುಗಿಸಿದ 1783ರ ಪ್ಯಾರಿಸ್ ಒಪ್ಪಂದದವರೆಗೆ. ಪಾರ್ಕ್ ಇರುವುದು ಕಾಗದದ ಮೇಲೆ ಮಾತ್ರ. ಆದರೂ ಜಾಗ ನಿಜವಾದದ್ದಾಗಿರಬೇಕು, ಜನ ಓಡಾಡುವ ಲೆಕ್ಕ ಕೂಡಬೇಕು.

ಈಗಿನ ನಕ್ಷೆಯಲ್ಲಿ ಗೇಟು ದಾಟಿದ ಕೂಡಲೇ ಬಂದರು, 1607ರಲ್ಲಿ ಇಂಗ್ಲಿಷರು ಬಂದ ಮೂರು ಹಡಗು. ಎಲ್ಲರೂ ಹಡಗಿನೊಳಗಿಂದಲೇ ಹಾದು ಕೋಟೆಗೆ ಇಳಿಯುತ್ತಾರೆ. ಆಮೇಲೆ ಪಟ್ಟಣದ ಮುಖ್ಯ ಬೀದಿ: ಅಂಗಡಿ, ಕುಲುಮೆ, ಊಟ. ಬಲಕ್ಕೆ ಅಲ್ಲಿನ ಮೂಲನಿವಾಸಿಗಳಾದ ಪೊಹಾಟನ್ನರ ಹಳ್ಳಿ. ಎಡಕ್ಕೆ ಬಾಸ್ಟನ್ ಬಂದರು, ಅಲ್ಲಿ ಬ್ರಿಟಿಷರ ತೆರಿಗೆ ವಿರೋಧಿಸಿದವರು ಮಾಡಿದಂತೆ ಮಕ್ಕಳು ಚಹಾ ಪೆಟ್ಟಿಗೆಯನ್ನು ನೀರಿಗೆ ಎಸೆಯಬಹುದು. ಕೊನೆಯಲ್ಲಿ ಯಾರ್ಕ್‌ಟೌನ್ ಮುತ್ತಿಗೆ, ಅದೇ ದೊಡ್ಡ ರೈಡ್.

ನಾನು ನಿಂತುಬಿಟ್ಟಿರುವುದು ಒಂದೇ ಕಡೆ. ಗುಲಾಮಗಿರಿಯನ್ನು ಎಲ್ಲಿ ಇಡಲಿ? ಕ್ಲಾಸಿನಲ್ಲಿ ಕೆಲವರು ಹಿಂದುಗಡೆ ಪ್ರತ್ಯೇಕ ಪೆವಿಲಿಯನ್ ಮಾಡು, ಶಾಂತವಾಗಿರಲಿ ಅನ್ನುತ್ತಾರೆ. ಇನ್ನು ಕೆಲವರು ಹಡಗಿನ ತಳವನ್ನೇ ಕತ್ತಲೆಯ ರೈಡ್ ಮಾಡು, ಜನರಿಗೆ ಆ ಅನುಭವ ಆಗಲಿ ಅನ್ನುತ್ತಾರೆ. ನನಗೆ ಎರಡಕ್ಕೂ ಮನಸ್ಸು ಒಪ್ಪುತ್ತಿಲ್ಲ. ಆ ಕಡೆ ಇರುವವರು, ಪಾರ್ಕುಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ.

---

ಜೇಮ್ಸ್ ನದಿ ದಂಡೆ ಉತ್ತರಿಸಿದ್ದು:

ತಂಗಿ, ನಾನು ಹಾಸನದ ಕಡೆಯವನು. ನ್ಯೂಪೋರ್ಟ್ ನ್ಯೂಸ್‌ನಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ಕೆಲಸ ಮಾಡಿ ಇಲ್ಲೇ ನೆಲೆಯಾದವನು. ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್ ಮೂರನ್ನೂ ಸೇರಿಸುವ ರಸ್ತೆ 23 ಮೈಲಿ. ಊರಿನಿಂದ ಯಾರೇ ಬರಲಿ, ಆ ದಾರಿಯಲ್ಲಿ ಕರೆದುಕೊಂಡು ಹೋಗುವವನು ನಾನೇ. ಹಾಗಾಗಿ ಈ ಪ್ರಶ್ನೆ ನನಗೆ ಹತ್ತಿರದ್ದು, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಡಿಸ್ನಿ ಕಂಪನಿಯ ಕಥೆ ಓದಿಕೊಳ್ಳಿ. 1993ರ ನವೆಂಬರಿನಲ್ಲಿ ಅವರು ವರ್ಜೀನಿಯಾದ ಹೇಮಾರ್ಕೆಟ್ ಎಂಬಲ್ಲಿ 'ಡಿಸ್ನೀಸ್ ಅಮೆರಿಕ' ಎಂಬ ಪಾರ್ಕ್ ಘೋಷಿಸಿದರು. ಸುಮಾರು 3,000 ಎಕರೆ. ರಸ್ತೆ ಇತ್ಯಾದಿಗೆ ರಾಜ್ಯದ ಶಾಸನಸಭೆ 16.3 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಆದರೆ ಅಂತರ್ಯುದ್ಧದಲ್ಲಿ ಎರಡು ಸಲ ರಕ್ತ ಹರಿದ ಮನಾಸಸ್ ರಣರಂಗ ಅಲ್ಲಿಂದ ಕೆಲವೇ ಮೈಲಿ. ಡೇವಿಡ್ ಮೆಕಲಾ, ಜೇಮ್ಸ್ ಮೆಕ್‌ಫರ್ಸನ್‌ರಂಥ ಇತಿಹಾಸಕಾರರು ಎದುರು ನಿಂತರು, 1994ರ ಜೂನಿನಲ್ಲಿ ಸೆನೆಟ್ ಸಮಿತಿಯ ಮುಂದೆಯೂ ವಿಷಯ ಬಂತು. ಸೆಪ್ಟೆಂಬರ್ 28ರಂದು ಕಂಪನಿ ಆ ಜಾಗ ಬಿಟ್ಟಿತು. ನಿಮ್ಮ ಜಾಗಕ್ಕೆ ಇದರಿಂದ ನೇರ ಪಾಠ ಇದೆ: ನಿಜವಾದ ನೆಲದ ಪಕ್ಕದಲ್ಲಿ ನಕಲು ಕಟ್ಟಬೇಡಿ. ಹ್ಯಾಂಪ್ಟನ್ ರೋಡ್ಸ್ ಎಂಬ ಬಂದರು ಪ್ರದೇಶದ ಸುತ್ತ ಹಳೆಯ ಕೈಗಾರಿಕೆಯ ಜಾಗಗಳಿವೆ, ನೀರೂ ಹತ್ತಿರ, ಅಂಥದ್ದನ್ನು ಹುಡುಕಿ.

ಆ ಜಗಳದಲ್ಲಿ ಟ್ರಾಫಿಕ್ಕು, ಜಮೀನು ಎಲ್ಲ ಇತ್ತು. ಜನರಿಗೆ ನೋವಾದದ್ದು ಮಾತ್ರ ಬೇರೆ ಕಾರಣಕ್ಕೆ. ಗುಲಾಮನಾಗಿರುವುದು ಹೇಗಿತ್ತು ಎಂಬುದನ್ನು ಬಂದವರಿಗೆ ಅನುಭವ ಮಾಡಿಸುತ್ತೇವೆ ಎಂಬ ಅರ್ಥದ ಮಾತು ಕಂಪನಿಯ ಕಡೆಯಿಂದ ಬಂದಿತ್ತು. ನಿಮ್ಮ ಸಹಪಾಠಿಗಳ ಕತ್ತಲೆ ರೈಡ್ ಅದೇ ದಾರಿಯದು. ಟಿಕೆಟ್ ಕೊಂಡು ಕೂತವನಿಗೆ ನಾಲ್ಕು ನಿಮಿಷಕ್ಕೆ ಬೆಲ್ಟ್ ಬಿಚ್ಚುತ್ತಾರೆ ಎಂದು ಗೊತ್ತಿರುತ್ತದೆ. ಬಿಡುಗಡೆಯೇ ಇಲ್ಲ ಎಂಬುದು ಗುಲಾಮಗಿರಿಯ ತಿರುಳು. ಅದೊಂದನ್ನು ಯಾವ ರೈಡೂ ಕೊಡಲಾರದು. ಅದು ಹೋದ ಮೇಲೆ ಉಳಿಯುವುದು ಬರೀ ಹೆದರಿಕೆ, ಆ ಹೆದರಿಕೆಯನ್ನು ಮಾರಬಾರದು.

ಇದಾಗಿ ಎರಡು ವಾರ ತುಂಬುವ ಮೊದಲೇ, 1994ರ ಅಕ್ಟೋಬರ್ 10ರಂದು, ಹಳೆಯ ಪಟ್ಟಣವನ್ನೇ ಮ್ಯೂಸಿಯಂ ಆಗಿ ನಡೆಸುವ ವಿಲಿಯಮ್ಸ್‌ಬರ್ಗಿನಲ್ಲಿ ಇನ್ನೊಂದು ಘಟನೆ ನಡೆಯಿತು. ವೆದರ್‌ಬರ್ನ್ ಟ್ಯಾವರ್ನ್ ಎಂಬ ಹಳೆಯ ಹೋಟೆಲಿನ ಮೆಟ್ಟಿಲ ಮೇಲೆ ಗುಲಾಮರ ಹರಾಜನ್ನು ಅಭಿನಯಿಸಿದರು. ರೂಪಿಸಿದವರು ಅಲ್ಲಿನ ಕಪ್ಪು ಸಿಬ್ಬಂದಿಯೇ, ಮುಂದೆ ನಿಂತವರು ಕ್ರಿಸ್ಟಿ ಕೋಲ್ಮನ್. ನಾಗರಿಕ ಹಕ್ಕುಗಳ ಸಂಘಟನೆಗಳು ಬೀದಿಯಲ್ಲೇ ಪ್ರತಿಭಟಿಸಿದವು. ವಿರೋಧಿಸಲು ಬಂದವರಲ್ಲೇ ಅಭಿಪ್ರಾಯ ಬದಲಿಸಿಕೊಂಡವರೂ ಇದ್ದರು.

ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಹರಾಜಿನ ದಿನ ಯಾರಿಗೂ ನೀನು ಗುಲಾಮನಾಗು ಎನ್ನಲಿಲ್ಲ. ಬಂದವರು ಬೀದಿಯಲ್ಲಿ ನಿಂತು ನೋಡಿದರು. ಹರಾಜು ನಡೆಯುವಾಗ ಊರಿನವರು ನಿಲ್ಲುತ್ತಿದ್ದದ್ದೂ ಹಾಗೆಯೇ ಬೀದಿಯಲ್ಲಿ! ಸುಮ್ಮನೆ ನೋಡಿದವನ ಜಾಗದಲ್ಲಿ ನಿಲ್ಲಿಸಿದ್ದೇ ಜನರನ್ನು ಕಲಕಿತು. ನಿಮ್ಮ ಇಡೀ ಪಾರ್ಕಿಗೆ ನಾನು ಕೊಡುವ ಸಲಹೆ ಇದೊಂದೇ. ನರಳಿದವನ ಜಾಗವನ್ನು ಬಂದವರಿಗೆ ಕೊಡಬೇಡಿ. ಕೊಂಡವನ, ಕೂಲಿಯವನ, ಕಂಡೂ ಸುಮ್ಮನಿದ್ದವನ ಜಾಗ ಕೊಡಿ.

ಪೆವಿಲಿಯನ್ನೂ ಬೇಡ. ಕ್ರಾಂತಿಯ ಹೊತ್ತಿಗೆ ವಿಲಿಯಮ್ಸ್‌ಬರ್ಗಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಜನರು, ಬಹುಪಾಲು ಗುಲಾಮರು. ಅರ್ಧ ಊರನ್ನು ಒಂದು ಕೋಣೆಗೆ ಹಾಕುವುದು ಹೇಗೆ? ಅಲ್ಲಿ ಪೇಟನ್ ರ‍್ಯಾಂಡಾಲ್ಫ್ ಮನೆ ಇದೆ. ವಸಾಹತುಗಳ ಪ್ರತಿನಿಧಿಗಳು ಸೇರಿದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಅಧ್ಯಕ್ಷ ಆತ. ಆ ಮನೆಯಲ್ಲಿ 27 ಗುಲಾಮರಿದ್ದರು. 1775ರ ನವೆಂಬರಿನಲ್ಲಿ ಬ್ರಿಟಿಷ್ ಗವರ್ನರ್ ಡನ್‌ಮೋರ್, ಬಂಡಾಯಗಾರರ ಗುಲಾಮರು ತಮ್ಮ ಕಡೆಗೆ ಬಂದು ಆಯುಧ ಹಿಡಿದರೆ ಬಿಡುಗಡೆ ಎಂದು ಸಾರಿದ. ಆ ಮನೆಯಿಂದಲೂ ಹಲವರು ಹೊರಟರು. ಈವ್ ಎಂಬಾಕೆ ಅವರಲ್ಲೊಬ್ಬಳು. ಅವಳು ಮತ್ತೆ ಸಿಕ್ಕಿಬಿದ್ದಳು. 1782ರಲ್ಲಿ ರ‍್ಯಾಂಡಾಲ್ಫ್‌ನ ವಿಧವೆ ತನ್ನ ಉಯಿಲಿಗೆ ಸಾಲು ಸೇರಿಸಿದಳು: ಈವ್‌ಳ ನಡತೆ ಸರಿಯಿಲ್ಲದ್ದರಿಂದ ಮಾರಬೇಕಾಯಿತು ಎಂದು. ಸ್ವಾತಂತ್ರ್ಯಕ್ಕಾಗಿ ಊರೆಲ್ಲ ಯುದ್ಧ ಮಾಡುತ್ತಿದ್ದ ಕಾಲ ಅದು. ಅಂಥ ಮನೆಯಲ್ಲಿ ಅದನ್ನು ಬಯಸಿ ನಡೆದುಹೋದವಳಿಗೆ ಕೆಟ್ಟ ನಡತೆಯವಳು ಎಂಬ ಹೆಸರು. ನನಗೆ ಆ ಮನೆಯ ಹಿತ್ತಲಲ್ಲಿ ನಿಂತಾಗಲೆಲ್ಲ ಗಂಟಲು ಕಟ್ಟುತ್ತದೆ.

ಹಾಗಾಗಿ ನಿಮ್ಮ ಮುಖ್ಯ ಬೀದಿಯ ಮನೆಗಳಿಗೆ ಜನರನ್ನು ಮುಂಬಾಗಿಲಿನಿಂದ ಬಿಡಬೇಡಿ. ಹಿತ್ತಲಿನಿಂದ ಬಿಡಿ. ಬಾವಿ, ಬೇರೆಯಾಗಿ ಕಟ್ಟಿದ ಅಡುಗೆಮನೆ, ಬಟ್ಟೆ ಒಗೆಯುವ ಕೊಠಡಿ, ಮಾಂಸಕ್ಕೆ ಹೊಗೆ ಹಾಕುವ ಕೋಣೆ, ಆಮೇಲೆ ಊಟದ ಮನೆ, ಕೊನೆಗೆ ಜಗುಲಿ. ಬೀದಿಗೆ ಬರುವ ಹೊತ್ತಿಗೆ ಆ ಮನೆ ಯಾರ ಕೈಯಿಂದ ನಡೆಯುತ್ತಿತ್ತು ಎಂಬುದು ಯಾರೂ ಹೇಳದೆ ತಿಳಿದಿರುತ್ತದೆ.

ಬಾಸ್ಟನ್ ಬಿಟ್ಟುಬಿಡಿ. ಯಾರ್ಕ್‌ಟೌನಿನಲ್ಲೇ 1774ರ ನವೆಂಬರ್ 7ರಂದು 'ವರ್ಜೀನಿಯಾ' ಎಂಬ ಹಡಗಿನಿಂದ ಚಹಾವನ್ನು ನದಿಗೆ ಎಸೆದಿದ್ದಾರೆ. ಎರಡು ಅರ್ಧ ಪೆಟ್ಟಿಗೆ ಅಷ್ಟೆ. ಬಾಸ್ಟನ್ನಿನ 342 ಪೆಟ್ಟಿಗೆಯ ಮುಂದೆ ಚಿಕ್ಕದು, ಆದರೆ ನಿಮ್ಮ ಪಾರ್ಕಿನ ಊರಿನದು.

---

ನಟ್ಟು ಬೋಲ್ಟು ಉತ್ತರಿಸಿದ್ದು:

ಮೇಡಂ, ನಾನು ಬೆಂಗಳೂರು ಸುತ್ತಮುತ್ತಲ ಪಾರ್ಕುಗಳಲ್ಲಿ ರೈಡ್ ನಿರ್ವಹಣೆ ನೋಡಿಕೊಂಡವನು. ಚರಿತ್ರೆ ಮೇಲಿನ ಸರ್ ಹೇಳಿದ್ದಾರೆ, ನಾನು ಲೆಕ್ಕ ಹೇಳುತ್ತೇನೆ.

ಹಡಗಿನ ಮೂಲಕವೇ ಎಲ್ಲರೂ ಒಳಗೆ ಬರಬೇಕು ಎಂದಿದ್ದೀರಿ. ಒಂದು ಹಡಗಿನಲ್ಲಿ ಒಮ್ಮೆಗೆ 60 ಜನ, 10 ನಿಮಿಷ ಎಂದುಕೊಳ್ಳಿ. ಗಂಟೆಗೆ 360. ಮೂರು ಹಡಗಿಗೆ 1,080. ದಿನಕ್ಕೆ 10,000 ಜನ ಬರುವ ಪಾರ್ಕಾದರೆ ಬೆಳಗಿನ ಮೊದಲ ಎರಡು ಗಂಟೆಯಲ್ಲೇ ಅರ್ಧ ಜನ ಗೇಟಿನಲ್ಲಿರುತ್ತಾರೆ. ಕ್ಯೂ ಪಾರ್ಕಿಂಗ್ ತನಕ ಹೋಗುತ್ತದೆ. ಅದೂ ಮೂರೂ ಹಡಗು ಒಂದೇ ಅಳತೆಯವಲ್ಲ: ಸೂಸನ್ ಕಾನ್‌ಸ್ಟಂಟ್ 120 ಟನ್, ಗಾಡ್‌ಸ್ಪೀಡ್ 40, ಡಿಸ್ಕವರಿ ಬರೀ 20. ಡಿಸ್ಕವರಿಯಲ್ಲಿ 60 ಜನ ಎಲ್ಲಿ ನಿಲ್ಲುತ್ತಾರೆ? ಕಟ್ಟೆಯನ್ನು ದಾರಿ ಮಾಡಿ, ಹಡಗು ಹತ್ತುವುದು ಇಷ್ಟವಿದ್ದವರಿಗೆ.

ಇನ್ನು ನೆರಳು. ವರ್ಜೀನಿಯಾದ ಜುಲೈ, ಆಗಸ್ಟ್ ಎಂದರೆ ಬಿಸಿಲು ಮತ್ತು ಬೆವರು, ಮಂಗಳೂರಿನವರಿಗೆ ಹೇಳಬೇಕಿಲ್ಲ. ನಕ್ಷೆಯಲ್ಲಿ ಮರಗಳನ್ನು ಕೊನೆಗೆ ಹಾಕಬೇಡಿ, ಮೊದಲು ಹಾಕಿ.

ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ 1960ರಲ್ಲಿ ತೆರೆದ ಫ್ರೀಡಂಲ್ಯಾಂಡ್ ಬಗ್ಗೆಯೂ ಓದಿ. ಪಾರ್ಕಿನ ಆಕಾರವೇ ಅಮೆರಿಕದ ಭೂಪಟ. ಡಿಸ್ನಿಲ್ಯಾಂಡ್ ಕಟ್ಟುವಾಗ ಇದ್ದ ಸಿ.ವಿ. ವುಡ್ ಅವರ ಯೋಜನೆ. ಅದರೊಳಗೆ ಕಟ್ಟಿದ್ದ ನಕಲಿ ಷಿಕಾಗೋ ಊರು ಹೊತ್ತಿ ಉರಿಯುತ್ತಿತ್ತು, ಬಂದವರೇ ಕೈಪಂಪ್ ಒತ್ತಿ ಬೆಂಕಿ ಆರಿಸುತ್ತಿದ್ದರು. 1964ಕ್ಕೆ ಪಾರ್ಕ್ ಮುಚ್ಚಿತು, ಆ ಜಾಗದಲ್ಲಿ ಈಗ ಕೋ-ಆಪ್ ಸಿಟಿ ಎಂಬ ದೊಡ್ಡ ವಸತಿ ಸಮುಚ್ಚಯ ಇದೆ. ಮುಚ್ಚಿದ್ದರೂ ಆ ಪಂಪಿನ ಯೋಚನೆ ಒಳ್ಳೆಯದು. ಕೈಗೆ ಕೆಲಸ ಕೊಟ್ಟರೆ ಮಕ್ಕಳು ಕ್ಯೂನಲ್ಲಿ ಅಳುವುದಿಲ್ಲ. ಹಗ್ಗ ಎಳೆಯಲಿ, ತಿದಿ ಒತ್ತಲಿ, ಸುಣ್ಣ ಕಲಸಲಿ.

---

ಚಳಿನಾಡಿನ ಕನ್ನಡತಿ ಉತ್ತರಿಸಿದ್ದು:

ನಾನಿರುವುದು ಮ್ಯಾಸಚೂಸೆಟ್ಸ್‌ನಲ್ಲಿ, ಪ್ಲಿಮತ್ ಪಟುಕ್ಸೆಟ್ ಮ್ಯೂಸಿಯಂ ನಮ್ಮ ಮನೆಗೆ ಹತ್ತಿರ. ನಿಮ್ಮ ಪೊಹಾಟನ್ ಹಳ್ಳಿಯ ಬಗ್ಗೆ ಹೇಳಲೇಬೇಕು.

ಇಲ್ಲಿ ಇಂಗ್ಲಿಷರ ಹಳ್ಳಿಯಲ್ಲಿ ಪಾತ್ರಧಾರಿಗಳು 1620ರ ದಶಕದವರಂತೆಯೇ ಮಾತಾಡುತ್ತಾರೆ. ಮೊಬೈಲ್ ಎಂದರೆ ಅರ್ಥವಾಗದವರಂತೆ ನೋಡುತ್ತಾರೆ. ಆದರೆ ಪಕ್ಕದ ವಾಂಪನೋಆಗ್ ನೆಲೆಯಲ್ಲಿರುವ ಮೂಲನಿವಾಸಿ ಸಿಬ್ಬಂದಿ ಪಾತ್ರ ಮಾಡುವುದಿಲ್ಲ. ಹಳೆಯ ಉಡುಗೆಯಲ್ಲಿದ್ದರೂ ಇಂದಿನವರಾಗಿ, ತಾವು ತಾವಾಗಿ ಮಾತಾಡುತ್ತಾರೆ. ದೋಣಿಗೆ ಮರದ ದಿಮ್ಮಿಯನ್ನು ಬೆಂಕಿಯಿಂದ ಕೊರೆಯುತ್ತಾ, ನಮ್ಮ ಅಜ್ಜಿ ಹೀಗೆ ಹೇಳುತ್ತಿದ್ದರು ಎನ್ನಬಲ್ಲರು. ನಾವು ಇನ್ನೂ ಇದ್ದೇವೆ ಎಂಬುದು ಅದರಲ್ಲೇ ಬಂದುಬಿಡುತ್ತದೆ. ನನ್ನ ಮಗಳು ಇಡೀ ದಿನದಲ್ಲಿ ಹೆಚ್ಚು ಪ್ರಶ್ನೆ ಕೇಳಿದ್ದು ಅವರನ್ನೇ.

ವರ್ಜೀನಿಯಾದಲ್ಲೂ ಪೊಹಾಟನ್ನರ ಪೈಕಿಯ ಪಮಂಕಿ, ಮ್ಯಾಟಪೊನೈ ಜನ ತಮ್ಮ ಮೀಸಲು ನೆಲದಲ್ಲಿ ಈಗಲೂ ಬದುಕಿದ್ದಾರೆ. 1677ರ ಒಪ್ಪಂದದಂತೆ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ರಾಜ್ಯಪಾಲರಿಗೆ ಜಿಂಕೆ ಒಪ್ಪಿಸುತ್ತಾರೆ. ನಿಮ್ಮ ನಕ್ಷೆಯಲ್ಲಿ ಅವರ ಹಳ್ಳಿ ಬಂದರು ದಾಟಿದ ಮೇಲೆ ಬಲಕ್ಕೆ ಇದೆ, ಅಂದರೆ ಹಡಗು ಬಂದ ಮೇಲೆ ಸಿಗುತ್ತದೆ. ಅದನ್ನು ಗೇಟಿಗೂ ಬಂದರಿಗೂ ನಡುವೆ ತನ್ನಿ. ಹಡಗು ದೂರದಲ್ಲಿ ಬರುತ್ತಿರುವುದು ಆ ದಂಡೆಯಿಂದ ಕಾಣಲಿ. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನ ಅವರಿಗೇ ಇರಲಿ. ಮಕ್ಕಳ ತಲೆಗೆ ಗರಿ ಕಟ್ಟುವ ಅಂಗಡಿ ಖಂಡಿತ ಬೇಡ.

---

ನಕ್ಷೆಗಾರ್ತಿ ಮತ್ತೆ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಹಳ್ಳಿಯನ್ನು ಗೇಟಿನ ಪಕ್ಕಕ್ಕೆ ತಂದೆ. ದಂಡೆಯ ಇಳಿಜಾರಿನಿಂದ ಹಡಗು ನೋಡುವ ಹಾಗಾಯಿತು, ನಕ್ಷೆಯೇ ಬೇರೆಯಾಗಿ ಕಾಣುತ್ತಿದೆ. ಬಂದರಿನ ಕಟ್ಟೆ ಈಗ ಅಗಲದ ದಾರಿ.

ಸರ್, ಇನ್ನೆರಡು ಪ್ರಶ್ನೆ. ಯಾರ್ಕ್‌ಟೌನನ್ನು ರೈಡ್ ಮಾಡಬಹುದೇ? ಮತ್ತೆ, ನಾನು ಬೆಳೆದದ್ದು ಶ್ರೀರಂಗಪಟ್ಟಣದ ಪಕ್ಕದಲ್ಲಿ. ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ ನಮ್ಮ ಊರಿಗೆ ಬಂದವನೇ ಅಲ್ಲವೇ? ಅದಕ್ಕೆ ಒಂದು ಮೂಲೆ ಕೊಟ್ಟರೆ ನನ್ನ ಆಸೆಗೆ ಕೊಟ್ಟ ಹಾಗೆ ಕಾಣುತ್ತದೆಯೇ?

---

ಜೇಮ್ಸ್ ನದಿ ದಂಡೆ ಉತ್ತರಿಸಿದ್ದು:

ಅವನೇ. 1781ರ ಅಕ್ಟೋಬರ್ 19ರಂದು ಅವನ ಸೈನ್ಯ ಇಲ್ಲಿ ಶರಣಾಯಿತು. ಮೈ ಸರಿಯಿಲ್ಲ ಎಂದು ಅವನು ಬರಲಿಲ್ಲ, ಕತ್ತಿ ಕೊಡಲು ತನ್ನ ಕೈಕೆಳಗಿನ ಅಧಿಕಾರಿ ಓ'ಹಾರನನ್ನು ಕಳಿಸಿದ. 1786ರಲ್ಲಿ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ. ನಂಟು ಈ ಕಡೆಯಿಂದಲೂ ಇದೆ. ಪೆನ್ಸಿಲ್ವೇನಿಯಾದವರು ಹೈದರಾಲಿಯ ಹೆಸರಿಟ್ಟ ಒಂದು ಹಡಗು 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿಯಿತು. ಇದು ನಿಮ್ಮ ಆಸೆಯಲ್ಲ, ಅಮೆರಿಕದ ಚರಿತ್ರೆಯೇ. ಆದರೆ ನಿರ್ಗಮನದ ದಾರಿಯಲ್ಲಿ ಒಂದು ಗೋಡೆ ಸಾಕು. ಪಾರ್ಕ್ ವರ್ಜೀನಿಯಾದ್ದಾಗಿಯೇ ಉಳಿಯಲಿ.

ಯಾರ್ಕ್‌ಟೌನ್ ರೈಡ್ ಬೇಡ. ಆ ಮುತ್ತಿಗೆಯಲ್ಲಿ, ಬಿಡುಗಡೆ ನಂಬಿ ಬ್ರಿಟಿಷರ ಬಳಿ ಬಂದಿದ್ದ ಕಪ್ಪು ಜನರಿಗೆ ಸಿಡುಬು ಹತ್ತಿತು, ಕಾರ್ನ್‌ವಾಲಿಸನ ಸೈನ್ಯ ಅವರನ್ನು ಹೊರಗೆ ಅಟ್ಟಿತು. ಅದರ ಮೇಲೆ ರೋಲರ್ ಕೋಸ್ಟರ್ ಓಡಿಸಲಾಗದು. ರೈಡಿಗೆ ಬೇಕಾದ ಕುಲುಕಾಟ ಸಮುದ್ರದಲ್ಲಿದೆ: ಶರಣಾಗತಿಗೆ ಮುಂಚೆ, 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಫ್ರೆಂಚ್ ನೌಕಾಪಡೆ ಬ್ರಿಟಿಷರನ್ನು ತಡೆದ ಕಾಳಗ. ಕಾರ್ನ್‌ವಾಲಿಸನಿಗೆ ಸಮುದ್ರದ ದಾರಿ ಮುಚ್ಚಿದ್ದು ಅಲ್ಲಿ. ಜನರಿಗೆ ಹಾಯಿಯ ಹಗ್ಗ ಕೊಡಿ, ನಟ್ಟು ಬೋಲ್ಟು ಅವರು ಹೇಳಿದ ಹಾಗೆ ಕೈಗೆ ಕೆಲಸ.

ನೆಲದ ಮೇಲೆ ಜೇಮ್ಸ್‌ನ ಕಥೆ ಹೇಳಿ. ಗುಲಾಮನಾಗಿದ್ದ ಆತ ಬ್ರಿಟಿಷರ ಸೇವಕನಂತೆ ನಟಿಸಿ, ಅಮೆರಿಕದ ಪರ ಹೋರಾಡುತ್ತಿದ್ದ ಫ್ರೆಂಚ್ ಸೇನಾಧಿಕಾರಿ ಲಫಾಯೆಟ್‌ನಿಗೆ ಸುದ್ದಿ ಮುಟ್ಟಿಸುತ್ತಿದ್ದ ಗೂಢಚಾರ. ಯುದ್ಧ ಗೆದ್ದ ಮೇಲೂ ಅವನು ಗುಲಾಮನೇ. 1783ರ ಕಾನೂನು ಬಂದೂಕು ಹಿಡಿದ ಗುಲಾಮರಿಗೆ ಬಿಡುಗಡೆ ಕೊಟ್ಟಿತು, ಗೂಢಚಾರರಿಗೆ ಕೊಡಲಿಲ್ಲ. ಅರ್ಜಿ ಹಾಕಿ, ಲಫಾಯೆಟ್‌ನ ಪತ್ರ ತೋರಿಸಿ, 1787ರಲ್ಲಿ ಬಿಡುಗಡೆ ಪಡೆದ. ಆ ಅರ್ಜಿ ಹಿಡಿದು ನಿಂತವನ ಎದುರು, ಶಾಸಕರ ಬೆಂಚಿನ ಮೇಲೆ ಬಂದವರನ್ನು ಕೂರಿಸಿ. ಮತ ಹಾಕಲಿ. ನಿಮ್ಮ ಕಾಲಮಿತಿ 1783 ಅಲ್ಲವೇ? ಇವನಿಗಾಗಿ ನಾಲ್ಕು ವರ್ಷ ಮುಂದೆ ತಳ್ಳಿ.

---

ನಟ್ಟು ಬೋಲ್ಟು ಉತ್ತರಿಸಿದ್ದು:

ಬೆಂಚಿನ ಕೋಣೆ ಚೆನ್ನಾಗಿದೆ ಸರ್. ಮೇಡಂ, ಅದಕ್ಕೆ 80 ಆಸನ, 12 ನಿಮಿಷಕ್ಕೊಮ್ಮೆ ಎಂದರೆ ಗಂಟೆಗೆ 400 ಜನ. ಕಡಿಮೆಯಾಯಿತು. ಒಂದೇ ಥರದ ಎರಡು ಕೋಣೆ ಮಾಡಿ, ಒಂದು ತುಂಬುವಾಗ ಇನ್ನೊಂದು ನಡೆಯಲಿ.

ಹಿತ್ತಲ ದಾರಿಯ ಅಗಲ ಎಷ್ಟಿಟ್ಟಿದ್ದೀರಿ? ಎರಡು ವೀಲ್‌ಚೇರ್ ಎದುರುಬದುರಾದರೂ ಹಾಯಬೇಕು, 5 ಅಡಿಗಿಂತ ಕಡಿಮೆ ಎಲ್ಲೂ ಬೇಡ. ಅಡುಗೆಮನೆಯ ಒಲೆಯಲ್ಲಿ ನಿಜವಾದ ಬೆಂಕಿ ಇದ್ದರೆ ಹೊರಗೆ ಹೋಗಲು ಇನ್ನೊಂದು ಬಾಗಿಲೂ ಬೇಕು. ಆ ಭಾಗದ ಸೆಕ್ಷನ್ ಡ್ರಾಯಿಂಗ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.